ಪಾಸಾದರೆ ಸಾಕೇ? ಆನ್‌ಲೈನ್ ಪ್ರೌಢಶಾಲೆಯ ಅಂಕ ನಿಯಮಗಳು ಮತ್ತು ಚೋರನೂರಿನಂಥ ಊರಿನ ಮಕ್ಕಳು



ಎಂಟನೇ ತರಗತಿ ಮುಗಿಸಿದ ಮಗುವನ್ನು ಮುಂದೆ ಎಲ್ಲಿಗೆ ಕಳಿಸುವುದು? ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆ ಇದು. ಈಚಿನ ಕೆಲವು ವರ್ಷಗಳಿಂದ ಇದಕ್ಕೆ ಹೊಸದೊಂದು ಉತ್ತರ ಕೇಳಿಬರುತ್ತಿದೆ: ‘ಆನ್‌ಲೈನ್ ಶಾಲೆಗೆ ಹಾಕಿದರಾಯಿತು, ಮನೆಯಲ್ಲೇ ಓದುತ್ತಾನೆ, ಪಾಸಾಗುವುದೂ ಸುಲಭ’. ಅಂಗಡಿ ನೋಡಿಕೊಳ್ಳಲು ಒಬ್ಬ ಮಗ ಬೇಕಾದ ಮನೆ, ಮಗಳನ್ನು ದಿನವೂ ಬಸ್ಸಿನಲ್ಲಿ ದೂರ ಕಳಿಸಲು ಹಿಂಜರಿಯುವ ಮನೆ, ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ಫೇಲಾಗಿ ಮನಸ್ಸು ಮುರಿದ ಮಗು ಇರುವ ಮನೆ, ಎಲ್ಲರಿಗೂ ಇದು ಹಿತವಾಗಿ ಕೇಳುತ್ತದೆ.

ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಲೆಕ್ಕ ಮಾತ್ರ ಇದೆ. ಪಾಸಾಗುವ ಅಂಕ ಎಷ್ಟು ಎಂಬುದು ಒಂದು ಲೆಕ್ಕ. ಆ ಅಂಕಪಟ್ಟಿ ಮುಂದೆ ಯಾವ ಬಾಗಿಲು ತೆರೆಯುತ್ತದೆ, ಯಾವುದನ್ನು ಮುಚ್ಚುತ್ತದೆ ಎಂಬುದು ಇನ್ನೊಂದು ಲೆಕ್ಕ. ಈ ಎರಡನೆಯದನ್ನು ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಚೋರನೂರಿನಲ್ಲಿ ನಿಂತು ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನ ಮಗುವಿಗೆ ಇಲ್ಲದ ಕೆಲವು ಹಕ್ಕುಗಳು ಇಂಥ ಊರಿನ ಮಗುವಿಗಿವೆ. ಶಾಲೆ ಬದಲಿಸುವಾಗ ಅವು ಕೈಜಾರುವುದು ಎಷ್ಟೋ ಪೋಷಕರ ಗಮನಕ್ಕೇ ಬರುವುದಿಲ್ಲ.

ಆನ್‌ಲೈನ್ ಶಾಲೆ ಎಂದರೆ ಯಾವುದು?

ಈ ಹೆಸರಿನಲ್ಲಿ ಮೂರು ಬಗೆಯ ವ್ಯವಸ್ಥೆಗಳಿವೆ. ಮೊದಲನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂಬ ಹೆಸರಿನಲ್ಲಿ ಆರಂಭವಾದ ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದಲ್ಲಿದೆ. ತನ್ನದೇ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಕೋವಿಡ್ ಕಾಲದಲ್ಲಿ, 2021ರ ಆಗಸ್ಟ್‌ನಲ್ಲಿ, ಇದೇ ಸಂಸ್ಥೆ ತನ್ನ ವರ್ಚುವಲ್ ಶಾಲೆಯನ್ನೂ ತೆರೆಯಿತು.

ಎರಡನೆಯದು ರಾಜ್ಯ ಸರ್ಕಾರಗಳ ಪ್ರಯತ್ನ. 2022ರ ಆಗಸ್ಟ್ 31ರಂದು ದೆಹಲಿ ಸರ್ಕಾರ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ‘ದೆಹಲಿ ಮಾದರಿ ವರ್ಚುವಲ್ ಶಾಲೆ’ಯನ್ನು ಪ್ರಕಟಿಸಿತು. ಇದು ದೇಶದ ಮೊದಲ ವರ್ಚುವಲ್ ಶಾಲೆ ಎಂದು ಹೇಳಿದಾಗ, ತಮ್ಮದು ಹಿಂದಿನ ವರ್ಷವೇ ಆರಂಭವಾಗಿದೆ ಎಂದು ಎನ್‌ಐಒಎಸ್ ಸ್ಪಷ್ಟನೆ ನೀಡಿತು.

ಮೂರನೆಯದು ಖಾಸಗಿ ಆನ್‌ಲೈನ್ ಶಾಲೆಗಳು. ಇವುಗಳಲ್ಲಿ ಕೆಲವು ವಿದೇಶಿ ಮಂಡಳಿಗಳ ಪಠ್ಯ ಕಲಿಸಿ, ಕ್ರೆಡಿಟ್ ಮತ್ತು ಜಿಪಿಎ ಲೆಕ್ಕದಲ್ಲಿ ಫಲಿತಾಂಶ ಕೊಡುತ್ತವೆ. ಇನ್ನು ಕೆಲವು ಕೇವಲ ಕೋಚಿಂಗ್ ತರಗತಿಗಳು: ಪಾಠ ಅವರದು, ಪರೀಕ್ಷೆ ಬೇರೆ ಮಂಡಳಿಯದು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ಪಾಠ ಹೇಗೆ ಮಾಡುತ್ತಾರೆ’ ಎಂಬುದಲ್ಲ. ‘ಅಂಕಪಟ್ಟಿಯ ಮೇಲೆ ಯಾವ ಮಂಡಳಿಯ ಮುದ್ರೆ ಇರುತ್ತದೆ’ ಎಂಬುದು. ಕರ್ನಾಟಕದ ಸಾಮಾನ್ಯ ಕುಟುಂಬಕ್ಕೆ ಕೈಗೆಟಕುವುದು ಎನ್‌ಐಒಎಸ್. ಹಾಗಾಗಿ ಅದರ ನಿಯಮಗಳನ್ನೇ ಮುಖ್ಯವಾಗಿ ನೋಡೋಣ.

ಮುಕ್ತ ಶಾಲೆಯ ಅಂಕ, ಪ್ರಗತಿಯ ನಿಯಮ

ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ ಕನಿಷ್ಠ ವಯಸ್ಸು 14. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ತೇರ್ಗಡೆಗೆ ಶೇ 33 ಅಂಕ ಬೇಕು. ಪ್ರಾಯೋಗಿಕ ಪರೀಕ್ಷೆ ಇರುವ ವಿಷಯದಲ್ಲಿ ಲಿಖಿತದಲ್ಲೂ ಪ್ರಾಯೋಗಿಕದಲ್ಲೂ ಪ್ರತ್ಯೇಕವಾಗಿ ಅಷ್ಟು ಬರಬೇಕು. ಅಸೈನ್‌ಮೆಂಟ್‌ಗಳಿಗೆ ಶೇ 20ರ ಪಾಲಿದೆ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತದೆ. ಒಮ್ಮೆ ದಾಖಲಾದರೆ ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು. ಐದನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ಪಾಸಾದ ವಿಷಯ ಖಾತೆಗೆ ಜಮೆ, ಉಳಿದದ್ದು ಮುಂದಿನ ಬಾರಿಗೆ.

ಬೇರೆ ಮಾನ್ಯ ಮಂಡಳಿಯಲ್ಲಿ ಪಾಸಾಗಿರುವ ಎರಡು ವಿಷಯಗಳವರೆಗೆ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳುವ ಅವಕಾಶವೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನದಲ್ಲಿ ಸೋತು ಕನ್ನಡ, ಸಮಾಜ ವಿಜ್ಞಾನದಲ್ಲಿ ಗೆದ್ದ ಮಗುವಿಗೆ ಇದು ದೊಡ್ಡ ಆಸರೆ. ಓದು ಬಿಟ್ಟು ವರ್ಷಗಳಾದ ಹೆಣ್ಣುಮಗಳಿಗೆ, ಕಾಯಿಲೆಯಿಂದ ಶಾಲೆ ತಪ್ಪಿದವರಿಗೆ, ಹತ್ತನೇ ತರಗತಿ ಮುಗಿಸದೆ ವ್ಯಾಪಾರಕ್ಕೆ ಇಳಿದ ತರುಣನಿಗೆ ಇಷ್ಟು ಉದಾರವಾದ ನಿಯಮ ಬೇರೆಡೆ ಸಿಗುವುದು ಕಷ್ಟ. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಈ ಉದಾರತೆಗೆ ಇನ್ನೊಂದು ಮುಖವಿದೆ. ಸಾಮಾನ್ಯ ಶಾಲೆಯಲ್ಲಿ ಮಗು ಹಿಂದೆ ಬಿದ್ದರೆ ನಮಗೆ ತಿಳಿಸಲು ಹತ್ತು ದಾರಿಗಳಿವೆ: ಹಾಜರಿ, ಕಿರುಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆ, ಪೋಷಕರ ಸಭೆ, ದಾರಿಯಲ್ಲಿ ಸಿಕ್ಕಿದ ಮೇಷ್ಟ್ರ ಒಂದು ಮಾತು. ಮುಕ್ತ ಶಾಲೆಯಲ್ಲಿ ಪ್ರಗತಿಯನ್ನು ಅಳೆಯುವುದು ತರಗತಿಯಿಂದ ತರಗತಿಗೆ ಏರಿದ್ದರಿಂದಲ್ಲ, ಪಾಸಾದ ವಿಷಯಗಳ ಎಣಿಕೆಯಿಂದ. ಪರೀಕ್ಷೆಗೆ ಹೋಗದಿದ್ದರೂ ಯಾರೂ ಬೈಯುವುದಿಲ್ಲ. ಮಗು ಐದು ವರ್ಷ ‘ಹತ್ತನೇ ತರಗತಿ ಓದುತ್ತಿದ್ದೇನೆ’ ಎಂದು ಹೇಳಿಕೊಂಡೇ ಇರಬಹುದು, ನಡುವೆ ‘ನೀನು ಫೇಲ್’ ಎನ್ನುವವರು ಯಾರೂ ಇರುವುದಿಲ್ಲ. ಅವಕಾಶ ಒಂಬತ್ತಿದೆ ಎಂಬ ಧೈರ್ಯದಲ್ಲಿ ಮೊದಲ ನಾಲ್ಕು ಹಾಗೇ ಕಳೆದುಹೋಗುವ ಸಂಭವ ಸಣ್ಣದಲ್ಲ.

ಇತ್ತ ಎಸ್ಸೆಸ್ಸೆಲ್ಸಿಯೂ ಬದಲಾಗಿದೆ

‘ಆನ್‌ಲೈನ್ ಶಾಲೆಯಲ್ಲಿ ಪಾಸಾಗುವುದು ಸುಲಭ’ ಎಂಬ ಮಾತು ಹುಟ್ಟಿದ್ದು ಎಸ್ಸೆಸ್ಸೆಲ್ಸಿ ಕಠಿಣ ಎಂಬ ಭಾವನೆಯಿಂದ. ಆದರೆ ರಾಜ್ಯದ ನಿಯಮವೂ ಈಚೆಗೆ ಸಾಕಷ್ಟು ಸಡಿಲವಾಗಿದೆ.

2023-24ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ಬಂದವು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ಕೃಪಾಂಕಕ್ಕೆ ಟೀಕೆ ಬಂದು ಮರುವರ್ಷ ಅದನ್ನು ಕೈಬಿಡಲಾಯಿತು. ಬಳಿಕ 2025ರ ಅಕ್ಟೋಬರ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ತೇರ್ಗಡೆಯ ಅಂಕವನ್ನೇ ಬದಲಿಸಿರುವುದಾಗಿ ಪ್ರಕಟಿಸಿದರು. ಹಿಂದಿನ ಶೇ 35ರ ಬದಲಿಗೆ ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಅಂಕ ಬಂದರೆ ಸಾಕು. ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಬೇಕು. 2025-26ನೇ ಸಾಲಿನಿಂದ ಈ ನಿಯಮ.

ಇನ್ನು ಆಂತರಿಕ ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20, ಒಟ್ಟು 125. ಇದು 625ರ ಐದನೇ ಒಂದು ಭಾಗ. ಮುಕ್ತ ಶಾಲೆಯ ಅಸೈನ್‌ಮೆಂಟ್ ಪಾಲೂ ಐದನೇ ಒಂದು ಭಾಗವೇ.

ಹೀಗೆ ಪಾಸಾಗುವ ಗೆರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದೆ. ಆಂತರಿಕ ಅಂಕದ ಪಾಲೂ ಒಂದೇ. ಮತ್ತೆ ಮತ್ತೆ ಬರೆಯುವ ಅವಕಾಶ ಎರಡೂ ಕಡೆ ಇದೆ. ವ್ಯತ್ಯಾಸ ಇಷ್ಟೇ: ಒಂದು ಕಡೆ ಆಂತರಿಕ ಅಂಕ ಹಾಕುವವರು ಮಗುವನ್ನು ದಿನವೂ ನೋಡುವ ಶಿಕ್ಷಕರು. ಇನ್ನೊಂದು ಕಡೆ ಮಗು ಬರೆದು ಕಳಿಸಿದ ಹಾಳೆಯನ್ನು ಮಾತ್ರ ನೋಡುವ ಅಪರಿಚಿತರು. ಪಾಸಾಗುವುದು ಸುಲಭ ಎಂಬ ಒಂದೇ ಕಾರಣಕ್ಕೆ ಶಾಲೆ ಬಿಡಿಸುವುದರಲ್ಲಿ ಈಗ ಅರ್ಥ ಉಳಿದಿಲ್ಲ.

33 ಮತ್ತು 50ರ ನಡುವೆ

ತೇರ್ಗಡೆಯ ಗೆರೆ ಕೆಳಗಿಳಿದರೂ ಮುಂದಿನ ಬಾಗಿಲುಗಳ ಎತ್ತರ ಇಳಿದಿಲ್ಲ. ಜೈನರನ್ನು ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಆ ಮೂಲಕ ಬಂದ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯ ನಿಯಮದಲ್ಲಿ ಹಿಂದಿನ ಪರೀಕ್ಷೆಯಲ್ಲಿ ಶೇ 50 ಅಂಕ ಬೇಕು, ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ರೂಪಾಯಿ ಮೀರಬಾರದು. ಯಾವ ವರ್ಷ ಅರ್ಜಿ ಕರೆದಿದ್ದಾರೆ ಎಂಬುದನ್ನು ಆಯಾ ವರ್ಷದ ಪ್ರಕಟಣೆ ನೋಡಿಯೇ ತಿಳಿಯಬೇಕು. ಆದರೆ 50ರ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ 206 ಅಂಕಕ್ಕೆ ಪಾಸು, ಶೇ 50 ದಾಟಲು 313 ಬೇಕು. ನಡುವಿನ 107 ಅಂಕಗಳ ಅಂತರವೇ ಬಡ ಕುಟುಂಬದ ಮಗುವಿಗೆ ವಿದ್ಯಾರ್ಥಿವೇತನ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಮುಕ್ತ ಶಾಲೆಯಲ್ಲಿ ಇದೇ ಲೆಕ್ಕ ಹೀಗೆ ಬರುತ್ತದೆ. ಪ್ರಾಯೋಗಿಕ ಇಲ್ಲದ ಒಂದು ವಿಷಯ ತೆಗೆದುಕೊಳ್ಳಿ: ಲಿಖಿತ 80, ಅಸೈನ್‌ಮೆಂಟ್ 20. ಮಗು ಲಿಖಿತದಲ್ಲಿ 36 ತೆಗೆದು ಅಸೈನ್‌ಮೆಂಟ್ ಕಳಿಸದಿದ್ದರೆ ಒಟ್ಟು 36, ಅಂದರೆ ಪಾಸು ಮಾತ್ರ. ಅದೇ ಮಗು ಅಸೈನ್‌ಮೆಂಟ್ ಸರಿಯಾಗಿ ಬರೆದು 16 ಪಡೆದರೆ ಒಟ್ಟು 52. ಲಿಖಿತದಲ್ಲಿ ಒಂದಂಕವೂ ಹೆಚ್ಚಾಗಿಲ್ಲ, ಆದರೂ 50ರ ಗೆರೆ ದಾಟಿತು. ಅಸೈನ್‌ಮೆಂಟ್ ‘ಸುಮ್ಮನೆ ಒಂದು ಫಾರ್ಮಾಲಿಟಿ’ ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ. ಅದರ ಗಡುವು ಪರೀಕ್ಷೆಗಿಂತ ಬಹಳ ಮುಂಚೆಯೇ ಮುಗಿಯುತ್ತದೆ. ಅಕ್ಟೋಬರ್ ಪರೀಕ್ಷೆ ಬರೆಯುವ ಮಗು ಚಾತುರ್ಮಾಸ, ದಶಲಕ್ಷಣ ಪರ್ವದ ಓಡಾಟ ಮುಗಿದ ಮೇಲೆ ನೋಡಿದರಾಯಿತು ಎಂದುಕೊಂಡರೆ ಗಡುವು ಆಗಲೇ ದಾಟಿರುತ್ತದೆ.

ಚೋರನೂರಿನ ಮಗು ಕಳೆದುಕೊಳ್ಳಬಹುದಾದದ್ದು

ಅಂಕಪಟ್ಟಿಯಲ್ಲಿ ಎಲ್ಲೂ ಕಾಣದ, ಆದರೆ ಅಂಕಗಳಷ್ಟೇ ಬೆಲೆಬಾಳುವ ದಾಖಲೆಗಳಿವೆ. ಅವೇ ವ್ಯಾಸಂಗ ಪ್ರಮಾಣಪತ್ರಗಳು.

ಕರ್ನಾಟಕದ ವೃತ್ತಿಪರ ಕೋರ್ಸುಗಳಿಗೆ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಹೆಚ್ಚಿನವರು ಬಳಸುವ ಅರ್ಹತಾ ನಿಯಮ ಹೀಗಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ರಾಜ್ಯದ ಮಾನ್ಯ ಶಾಲೆಗಳಲ್ಲಿ ಓದಿರಬೇಕು, ಹತ್ತನೇ ಅಥವಾ ಹನ್ನೆರಡನೇ ತರಗತಿಯನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು. ಎಂಟು ವರ್ಷ ಊರಲ್ಲೇ ಓದಿದ ಮಗುವಿಗೆ ಏಳರ ಲೆಕ್ಕ ಹೇಗೋ ತುಂಬುತ್ತದೆ.

ಆದರೆ ಹತ್ತರ ಲೆಕ್ಕ ಇನ್ನೂ ಬಿಗಿ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ಪೂರ್ಣ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮ ಮೀಸಲಾತಿಗೆ ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5ರಷ್ಟು ಸೀಟುಗಳು ಹೀಗೆ ಮೀಸಲಾಗಿವೆ. ಚೋರನೂರಿನಂಥ ಊರಿನ ಕನ್ನಡ ಶಾಲೆಯಲ್ಲಿ ಓದಿದ ಮಗು ಇವೆರಡಕ್ಕೂ ಸಹಜ ಹಕ್ಕುದಾರ. ಎಂಟನೇ ತರಗತಿಗೆ ಶಾಲೆ ಬಿಡಿಸಿ ಆನ್‌ಲೈನ್‌ಗೆ ಹಾಕಿದರೆ, ಹತ್ತರಲ್ಲಿ ಎಂಟು ವರ್ಷ ಸಂಪಾದಿಸಿದ ಹಕ್ಕನ್ನು ಕೊನೆಯ ಎರಡು ವರ್ಷಗಳಿಗಾಗಿ ಪಣಕ್ಕಿಟ್ಟಂತೆ. ಮನೆಯಲ್ಲಿ ಕುಳಿತು ಓದಿದ ಎರಡು ವರ್ಷಗಳಿಗೆ ‘ಈ ಗ್ರಾಮದ ಶಾಲೆಯಲ್ಲಿ ಓದಿದ್ದಾನೆ’ ಎಂದು ಸಹಿ ಮಾಡುವ ಮುಖ್ಯೋಪಾಧ್ಯಾಯರು ಯಾರು? ಅದಕ್ಕೆ ಮೇಲುಸಹಿ ಹಾಕುವ ಕ್ಷೇತ್ರ ಶಿಕ್ಷಣಾಧಿಕಾರಿ ಯಾವ ದಾಖಲೆ ನೋಡಬೇಕು? ಈ ಪ್ರಶ್ನೆ ಕೌನ್ಸೆಲಿಂಗ್ ದಿನ ಎದ್ದರೆ ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಒಂದು ಹಕ್ಕಿಗೆ ಮಾತ್ರ ಇದರಿಂದ ಧಕ್ಕೆಯಿಲ್ಲ. ಬಳ್ಳಾರಿ, ವಿಜಯನಗರ ಜಿಲ್ಲೆಗಳು ಸಂವಿಧಾನದ 371-ಜೆ ವಿಧಿಯ ವ್ಯಾಪ್ತಿಯಲ್ಲಿವೆ. ಸಂಡೂರು, ಹೊಸಪೇಟೆ, ಕಂಪ್ಲಿಯ ಮಕ್ಕಳಿಗೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರ ಮೀಸಲಾತಿಯ ಲಾಭವಿದೆ. ಉಪವಿಭಾಗಾಧಿಕಾರಿ ಕೊಡುವ ಆ ಪ್ರಮಾಣಪತ್ರಕ್ಕೆ ಹುಟ್ಟು ಮತ್ತು ವಾಸ ಆಧಾರ, ಶಾಲೆಯ ಬಗೆಯಲ್ಲ.

ಸುಲಭದ ವಿಷಯ ಆರಿಸುವ ಆಸೆ

ಮುಕ್ತ ಶಾಲೆಯಲ್ಲಿ ಗಣಿತ, ವಿಜ್ಞಾನ ಬಿಟ್ಟು ಬೇರೆ ಐದು ವಿಷಯ ತೆಗೆದುಕೊಂಡೂ ಹತ್ತನೇ ತರಗತಿ ಪಾಸಾಗಬಹುದು. ಪ್ರಮಾಣಪತ್ರ ಬೇಕಷ್ಟೇ ಎನ್ನುವ ದೊಡ್ಡವರಿಗೆ ಇದು ಅನುಕೂಲ. ಹದಿನಾಲ್ಕರ ಮಗುವಿಗೆ ಇದು ಅಪಾಯ. ಆ ವಯಸ್ಸಿನಲ್ಲಿ ಬಿಟ್ಟ ಗಣಿತ ಮುಂದೆ ಪಾಲಿಟೆಕ್ನಿಕ್, ವಿಜ್ಞಾನ ಪಿಯು ಎಲ್ಲದರ ಬಾಗಿಲನ್ನೂ ಹಾಕುತ್ತದೆ. ಸಂಡೂರು ಸೀಮೆಯಲ್ಲಿ ಇದು ಇನ್ನೂ ಮುಖ್ಯ. ದೋಣಿಮಲೈ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವ ಈ ಭಾಗದಲ್ಲಿ ಹತ್ತಿರದಲ್ಲೇ ಸಿಗುವ ಒಳ್ಳೆಯ ಉದ್ಯೋಗಗಳಲ್ಲಿ ಹೆಚ್ಚಿನವು ಡಿಪ್ಲೊಮಾ, ಐಟಿಐ ಓದಿದವರಿಗೆ.

ಇನ್ನೊಂದು ಮಾತು. ಮುಕ್ತ ಶಾಲೆಯಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿಗಳ ಪ್ರಮಾಣಪತ್ರಗಳ ನಡುವೆ ಎರಡು ವರ್ಷದ ಅಂತರ ಇರಲೇಬೇಕು. ‘ಒಂದೇ ವರ್ಷದಲ್ಲಿ ಎರಡನ್ನೂ ಮುಗಿಸಿಕೊಡುತ್ತೇವೆ’ ಎನ್ನುವವರು ಸಿಕ್ಕರೆ ದೂರ ಇರಿ. ವಿದೇಶಿ ಪಠ್ಯದ ಆನ್‌ಲೈನ್ ಶಾಲೆಗೆ ಲಕ್ಷಗಟ್ಟಲೆ ಕಟ್ಟುವ ಮೊದಲು, ಅದರ ಹನ್ನೆರಡನೇ ತರಗತಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ತತ್ಸಮಾನ ಪ್ರಮಾಣಪತ್ರ ಸಿಗುತ್ತದೆಯೇ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಜಿಪಿಎ ಎಷ್ಟೇ ಚೆನ್ನಾಗಿದ್ದರೂ ಆ ಪತ್ರವಿಲ್ಲದೆ ಇಲ್ಲಿನ ಕಾಲೇಜಿನಲ್ಲಿ ತೊಡಕು ತಪ್ಪದು.

ಹಾಗಾದರೆ ಯಾರಿಗೆ ಯಾವುದು?

ಮಗು ಈಗ ಎಂಟು, ಒಂಬತ್ತರಲ್ಲಿದ್ದು ಊರಿನ ಶಾಲೆಗೆ ಹೋಗಲು ಸಾಧ್ಯವಿದ್ದರೆ, ಹತ್ತನೇ ತರಗತಿಯವರೆಗೆ ಅಲ್ಲಿಂದ ಕದಲಿಸಬೇಡಿ. ಆನ್‌ಲೈನ್ ಪಾಠ ಬೇಕೆಂದರೆ ಸಂಜೆ ಮನೆಯಲ್ಲಿ ನೋಡಲಿ. ದೀಕ್ಷಾ ಆ್ಯಪ್‌ನಂಥ ಉಚಿತ ಸೌಲಭ್ಯಗಳಿವೆ. ಶಾಲೆಯ ಜೊತೆಗೆ ಆನ್‌ಲೈನ್ ಇರಲಿ, ಶಾಲೆಯ ಬದಲಿಗೆ ಬೇಡ.

ಎಸ್ಸೆಸ್ಸೆಲ್ಸಿಯಲ್ಲಿ ಸೋತ ಮಗುವಾದರೆ ಮೊದಲು ಅದೇ ವರ್ಷದ ಎರಡನೇ, ಮೂರನೇ ಪರೀಕ್ಷೆ ಬರೆಸಿ. ಆಮೇಲೂ ಆಗದಿದ್ದರೆ ಮುಕ್ತ ಶಾಲೆ ನಿಜವಾದ ಎರಡನೇ ದಾರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದಾಖಲು ಮಾಡುವ ದಿನವೇ ಮೂರು ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ: ಅಸೈನ್‌ಮೆಂಟ್ ಗಡುವು, ಪರೀಕ್ಷಾ ಶುಲ್ಕದ ಗಡುವು, ಪರೀಕ್ಷೆ. ಒಂಬತ್ತು ಅವಕಾಶಗಳನ್ನು ಎರಡೇ ಇವೆ ಎಂದು ತಿಳಿದು ನಡೆಯಿರಿ. ಮುಂದೆ ಸೇರಬೇಕಾದ ಪಿಯು ಕಾಲೇಜಿಗೆ ಈಗಲೇ ಹೋಗಿ ಯಾವ ಅರ್ಹತಾ ಪತ್ರ ಬೇಕಾಗುತ್ತದೆ ಎಂದು ಕೇಳಿಕೊಳ್ಳಿ.

ಓದು ನಿಂತು ವರ್ಷಗಳಾದ ಹೆಣ್ಣುಮಕ್ಕಳು, ಸೊಸೆಯಂದಿರು ಮನೆಯಲ್ಲಿದ್ದರೆ ಈ ದಾರಿ ಅವರಿಗಾಗಿಯೇ ಇರುವಂಥದ್ದು. ವಯಸ್ಸಿನ ಮೇಲ್ಮಿತಿಯಿಲ್ಲ. ಭಾಷಾ ವಿಷಯಗಳಲ್ಲಿ ಕನ್ನಡವೂ ಇದೆ.

ಸಮಾಜ ಮಾಡಬಹುದಾದದ್ದು

2011ರ ಜನಗಣತಿಯಂತೆ ರಾಜ್ಯದಲ್ಲಿ ಜೈನರ ಸಂಖ್ಯೆ 4,40,280. ಬೆಳಗಾವಿ ಕಡೆ ಇರುವಷ್ಟು ಮನೆಗಳು ಬಳ್ಳಾರಿ, ವಿಜಯನಗರದ ಹೋಬಳಿಗಳಲ್ಲಿಲ್ಲ. ಒಂದೆರಡೇ ಮನೆ ಇರುವ ಊರಿನಲ್ಲಿ ಮಗು ಒಂಟಿಯಾಗಿ ಮೊಬೈಲ್ ಹಿಡಿದು ಓದಬೇಕಾಗುತ್ತದೆ. ನೇರ ಪಾಠಗಳಲ್ಲಿ ಹೆಚ್ಚಿನವು ಹಿಂದಿ, ಇಂಗ್ಲಿಷಿನಲ್ಲಿರುವುದು ಇನ್ನೊಂದು ತೊಡಕು.

ನಮ್ಮ ಹಿರಿಯರು ಆಹಾರ, ಔಷಧ, ಅಭಯದ ಜೊತೆಗೆ ಶಾಸ್ತ್ರದಾನವನ್ನೂ ನಾಲ್ಕು ದಾನಗಳಲ್ಲಿ ಎಣಿಸಿದರು. ಊರೂರಿನ ಜೈನ ಬೋರ್ಡಿಂಗ್‌ಗಳ ಹಿಂದೆ ಇದ್ದದ್ದು ಅದೇ ಭಾವನೆ. ಇಂದು ಅದನ್ನು ಚಿಕ್ಕದಾಗಿಯೇ ಮುಂದುವರಿಸಬಹುದು. ಹೊಸಪೇಟೆ, ಬಳ್ಳಾರಿಯಂಥ ಕಡೆಗಳ ಬಸದಿ, ಸಮಾಜ ಮಂದಿರಗಳಲ್ಲಿ ವಾರಕ್ಕೊಂದು ದಿನ ಸ್ವಾಧ್ಯಾಯ ಮುಗಿದ ಮೇಲೆ ಎರಡು ಗಂಟೆ ಮುಕ್ತ ಶಾಲೆಯ ಮಕ್ಕಳಿಗೆ ಮೀಸಲಿಡಲಿ. ನಿವೃತ್ತ ಶಿಕ್ಷಕರೊಬ್ಬರು ಅಸೈನ್‌ಮೆಂಟ್ ನೋಡಿ ತಿದ್ದಲಿ, ಓದಿದ ತರುಣರೊಬ್ಬರು ಅರ್ಜಿ, ಶುಲ್ಕ, ಗಡುವುಗಳ ಪಟ್ಟಿ ಇಟ್ಟುಕೊಂಡು ಮನೆಗಳಿಗೆ ಫೋನ್ ಮಾಡಲಿ. ಸಮಾಜದ ಟ್ರಸ್ಟುಗಳು ಪ್ರತಿಭಾ ಪುರಸ್ಕಾರದಲ್ಲಿ ಶೇ 90 ತೆಗೆದವರ ಜೊತೆಗೆ, ಐದು ವರ್ಷ ಬಿಟ್ಟು ಮತ್ತೆ ಕಟ್ಟಿ ಬರೆದು ಪಾಸಾದ ಒಬ್ಬ ಗೃಹಿಣಿಯನ್ನೂ ವೇದಿಕೆಗೆ ಕರೆಯಲಿ.

ಈ ಸಲ ಶಾಲೆ ಬದಲಿಸುವ ಯೋಚನೆ ಇರುವ ಪೋಷಕರು, ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡುವ ಮೊದಲು ಮಗುವಿನ ಒಂದನೇ ತರಗತಿಯಿಂದ ಇಲ್ಲಿಯವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ತೆಗೆದು ಎದುರಿಗಿಟ್ಟುಕೊಳ್ಳಿ. ಹತ್ತಕ್ಕೆ ಎಷ್ಟು ವರ್ಷ ಬಾಕಿ ಎಂದು ಎಣಿಸಿ. ಬಾಕಿ ಇರುವುದು ಎರಡೇ ವರ್ಷವಾದರೆ, ಆ ಎರಡು ವರ್ಷ ಊರ ಶಾಲೆಯಲ್ಲೇ ಮುಗಿಯಲಿ.